ಕೊಪ್ಪಳದಲ್ಲಿದ್ದು ಚಿತ್ರ ಬರೆಯುವವರಿಗೆ ಯಾರ ಪ್ರಭಾವ?

ಈ ಕಡೆ ದೊಡ್ಡ ಗ್ಯಾಲರಿ ಇಲ್ಲ, ನೀವು ಏನು ನೋಡಿ ಕಲಿತಿರಿ, ನಿಮ್ಮ ಚಿತ್ರದ ಜನರೆಲ್ಲ ಯಾಕೆ ಪಕ್ಕಕ್ಕೇ ತಿರುಗಿರುತ್ತಾರೆ ಅಂತ ಕೇಳಿದ್ದೀರಿ. ಎರಡಕ್ಕೂ ಉತ್ತರ ಹಂಪಿಯಲ್ಲಿದೆ.

ವಿರೂಪಾಕ್ಷ ಗುಡಿಗೆ ಹೋಗಿರುತ್ತೀರಿ, ಅಲ್ವಾ? ರಂಗಮಂಟಪದಲ್ಲಿ ನಿಂತು ತಲೆ ಎತ್ತಿ ನೋಡಿದ್ದೀರಾ? ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ ಮಂಟಪ ಅದು. ಛಾವಣಿ ತುಂಬಾ ಚಿತ್ರ. ಅರ್ಜುನ ಮೀನಿಗೆ ಗುರಿ ಇಟ್ಟಿದ್ದಾನೆ, ಇನ್ನೊಂದು ಕಡೆ ವಿದ್ಯಾರಣ್ಯರ ಪಲ್ಲಕ್ಕಿ ಹೊರಟಿದೆ, ಮೆರವಣಿಗೆಯ ಜನ ಪಕ್ಕಕ್ಕೇ ತಿರುಗಿದ್ದಾರೆ. ನೆರಳು ಬೆಳಕಿನ ಆಟ ಇಲ್ಲವೇ ಇಲ್ಲ. ಕಾವಿ ಬಣ್ಣ, ಸುತ್ತ ಒಂದು ಗೆರೆ. ಆದರೂ ಮೆರವಣಿಗೆ ನಡೆಯುತ್ತಿದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ, ಯಾಕಂದರೆ ಕಾಲುಗಳ ಗೆರೆ ಒಂದರ ಹಿಂದೆ ಒಂದು ತಾಳ ಹಾಕಿದ ಹಾಗೆ ಬರುತ್ತದೆ. ಕಾಲೇಜಿನಲ್ಲಿ ವರ್ಷಗಟ್ಟಲೆ ಶೇಡಿಂಗ್ ಕಲಿತು ಬಂದಿದ್ದ ನಾನು ಅವತ್ತು ಕತ್ತು ನೋಯುವ ತನಕ ಅಲ್ಲೇ ನಿಂತಿದ್ದೆ.

ನಾನು ಜಾಸ್ತಿ ಬರೆಯುವುದು ಗಂಗಾವತಿ ಕಡೆಯ ಭತ್ತದ ನಾಟಿ. ತುಂಗಭದ್ರಾ ಕಾಲುವೆ ನೀರು ಬಿಟ್ಟಾಗ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಚ್ಚುತ್ತಾರಲ್ಲ, ಆ ಬೆನ್ನುಗಳ ಸಾಲು ನನಗೆ ಆ ಮೆರವಣಿಗೆಯ ಹಾಗೇ ಕಾಣುತ್ತದೆ. ಪಕ್ಕದಿಂದ ನೋಡಿದರೇನೇ ಅದು ಸಿಗುವುದು. ಮೊದಲು ಬೆನ್ನಿನ ಗೆರೆ ಎಳೆಯುತ್ತೇನೆ, ಅದು ಸರಿ ಬರುವವರೆಗೆ ಬಣ್ಣ ಮುಟ್ಟುವುದಿಲ್ಲ.

ನನ್ನ ಚಿತ್ರದಲ್ಲಿ ಆ ಹೆಂಗಸರ ಬಳೆ ಮಾತ್ರ ಉಬ್ಬಾಗಿರುತ್ತವೆ, ಅದು ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರಿಂದ ಬಂದದ್ದು. ಅವರು ಹಗುರ ಮರದ ಗೊಂಬೆಗೆ ಹುಣಸೆ ಬೀಜದ ಅಂಟು ಸೇರಿಸಿದ ‘ಕಿಟ್ಟ’ ಅನ್ನುವ ಮುದ್ದೆ ಮೆತ್ತುತ್ತಾರೆ. ಒಡವೆ ಎದ್ದು ಕಾಣಲಿ ಅಂತ ಕಲ್ಲಿನ ಪುಡಿ ಕಲಸಿದ ಅಂಟನ್ನು ಕುಂಚದ ತುದಿಯಿಂದ ಹನಿಹನಿಯಾಗಿ ಇಡುತ್ತಾರೆ. ಅಲ್ಲೊಬ್ಬ ಅಜ್ಜಾರ ಪಕ್ಕ ಕೂತು ನೋಡಿದೆ. ಪ್ರತಿ ಹನಿಗೂ ಉಸಿರು ಹಿಡಿಯುತ್ತಿದ್ದರು. ನಾನು ಕೇಳಿದ್ದಕ್ಕೆ ಕುಂಚ ನನ್ನ ಕೈಗೇ ಕೊಟ್ಟರು. ನನ್ನ ಮೊದಲ ಸರದ ಮಣಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು, ಅಜ್ಜಾರು ಒರೆಸಿ ಮತ್ತೆ ಇಡಲು ಹೇಳಿದರು.

ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ ಆದಿಮಾನವರು ಬರೆದ ಬಂಡೆ ಚಿತ್ರಗಳನ್ನೂ ನೋಡಿ, ಒಂದು ಮೈ ತೋರಿಸಲು ಎಷ್ಟು ಕಡಿಮೆ ಗೆರೆ ಸಾಕು ಅಂತ ತಿಳಿಯುತ್ತದೆ.

ಹಂಪಿಗೆ ಹೋದಾಗ ಫೋನ್ ಒಳಗಿಟ್ಟು ಸಣ್ಣ ನೋಟ್‌ಬುಕ್ ತೆಗೆಯಿರಿ. ಮುಖ ಬಿಡಿ, ಪಲ್ಲಕ್ಕಿ ಮೆರವಣಿಗೆಯ ಕಾಲುಗಳನ್ನಷ್ಟೇ ಬರೆದು ನೋಡಿ.