ಕಂಪ್ಯೂಟರ್ ಕೇಳಿ–ಹೇಳಿ: ಲೋಗೋ ತನಕ ಬಂದು ಕೈಕೊಡುವ ಹೊಸ ಯಂತ್ರ

ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಆನ್ ಮಾಡುವಾಗಲೇ ಮತ್ತೆ ಮತ್ತೆ ಕ್ರ್ಯಾಶ್ ಆಗುತ್ತದೆ ಎಂಬ ಪತ್ರಗಳೇ ಈ ಸಲ ಹೆಚ್ಚು. ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ್ದೇನೆ. ರೈಜೆನ್ 5 7600, ಬಿ650 ಬೋರ್ಡ್, ಡಿಡಿಆರ್5-6000 ರ‍್ಯಾಮ್ 16 ಜಿಬಿಯ ಎರಡು ಕಡ್ಡಿ, 650 ವ್ಯಾಟ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ). ಬೆಳಿಗ್ಗೆ ಮೊದಲ ಸಲ ಆನ್ ಮಾಡಿದಾಗ ವಿಂಡೋಸ್ ಲೋಗೋ ಬಂದು ನೀಲಿ ಪರದೆ ಬೀಳುತ್ತದೆ, ಪ್ರತಿ ಸಲ ಬೇರೆ ಸಂದೇಶ. ಎರಡು ಮೂರು ಸಲ ತಾನೇ ರೀಸ್ಟಾರ್ಟ್ ಆದ ಮೇಲೆ ಸರಿಹೋಗುತ್ತದೆ. ಆಮೇಲೆ ದಿನವಿಡೀ ಗೇಮ್ ಆಡಿದರೂ ಏನೂ ಇಲ್ಲ. ವಿಂಡೋಸ್ ಮತ್ತೆ ಹಾಕಿದ್ದೂ ಆಯಿತು. ಅಂಗಡಿಯವರು ಬೋರ್ಡ್ ಬದಲಿಸಿ ಎನ್ನುತ್ತಿದ್ದಾರೆ. — ದಾವಣಗೆರೆಯ ಓದುಗರು

ಉತ್ತರ: ಬೋರ್ಡ್ ಬದಲಿಸುವ ಮಾತು ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲೇ ಎರಡು ಸುಳಿವುಗಳಿವೆ. ಮೊದಲನೆಯದು, ಪ್ರತಿ ಸಲ ಬೇರೆ ಸಂದೇಶ. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಸಂದೇಶ, ಅದೇ ಫೈಲಿನ ಹೆಸರು ಮರುಕಳಿಸುತ್ತದೆ. ಇವತ್ತು ‘ಮೆಮೊರಿ ಮ್ಯಾನೇಜ್‌ಮೆಂಟ್’, ನಾಳೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂದು ಸಂದೇಶ ಬದಲಾಗುತ್ತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಎರಡನೆಯದು, ಯಂತ್ರ ತಣ್ಣಗಿರುವಾಗ ಮಾತ್ರ ತೊಂದರೆ.

ರ‍್ಯಾಮ್ ಡಬ್ಬದ ಮೇಲಿನ 6000 ಎಂಬುದು ರ‍್ಯಾಮ್ ತಯಾರಕರ ಭರವಸೆ, ಪ್ರೊಸೆಸರ್‌ನದಲ್ಲ. ರೈಜೆನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಕಡ್ಡಿಗೆ 5200, ನಾಲ್ಕೂ ಸ್ಲಾಟ್ ತುಂಬಿದರೆ ಬರೀ 3600. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ತಂತ್ರಾಂಶದಲ್ಲಿ, ಎಕ್ಸ್‌ಪೋ (ರ‍್ಯಾಮ್ ತಯಾರಕರು ಹೇಳಿದ ವೇಗವನ್ನು ಹೊಂದಿಸುವ ಆಯ್ಕೆ) ಆನ್ ಮಾಡಿದಿರಿ ಎಂದರೆ ಅದು ಓವರ್‌ಕ್ಲಾಕಿಂಗೇ, ಅಂದರೆ ಅಧಿಕೃತ ವೇಗ ಮೀರಿ ಓಡಿಸುವುದೇ. ಬಹಳಷ್ಟು ಯಂತ್ರಗಳು 6000ದಲ್ಲಿ ನಿರಾತಂಕವಾಗಿ ಓಡುತ್ತವೆ, ಕೆಲವು ಅಂಚಿನಲ್ಲಿರುತ್ತವೆ. ಇನ್ನೊಂದು ವಿಷಯವಿದೆ. ಡಿಡಿಆರ್5 ರ‍್ಯಾಮ್ ಹಾಕಿದಾಗ ಬೋರ್ಡ್ ತನ್ನ ಸಿಗ್ನಲ್‌ಗಳ ಸಮಯವನ್ನೂ ವೋಲ್ಟೇಜನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತದೆ, ಇದೇ ಮೆಮೊರಿ ಟ್ರೈನಿಂಗ್. ಪ್ರತಿ ಸಲ ಇದನ್ನು ಮಾಡುತ್ತಾ ಕೂತರೆ ತಡವಾಗುತ್ತದೆಂದು ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಎಂಬ ಸೆಟ್ಟಿಂಗ್ ಹಿಂದಿನ ಸಲದ ಲೆಕ್ಕವನ್ನೇ ಮತ್ತೆ ಬಳಸುತ್ತದೆ. ರ‍್ಯಾಮ್ ಅಂಚಿನಲ್ಲಿ ಓಡುತ್ತಿದ್ದರೆ, ನಿನ್ನೆ ಬಿಸಿಯಿದ್ದಾಗ ಹೊಂದಿದ ಲೆಕ್ಕ ಇವತ್ತು ಬೆಳಿಗ್ಗೆ ಹೊಂದದೇ ಇರಬಹುದು.

ಹೀಗೆ ಮಾಡಿ. ಆನ್ ಮಾಡುತ್ತಿದ್ದಂತೆ ಡಿಲೀಟ್ ಕೀ ಒತ್ತುತ್ತಾ ಬಯಾಸ್‌ಗೆ ಹೋಗಿ ಎಕ್ಸ್‌ಪೋ ಆಫ್ ಮಾಡಿ. ರ‍್ಯಾಮ್ 4800ಕ್ಕೆ ಇಳಿಯುತ್ತದೆ. ಬೇರೇನನ್ನೂ ಮುಟ್ಟದೆ ಮೂರು ನಾಲ್ಕು ದಿನ ಬೆಳಗಿನ ಸ್ಟಾರ್ಟ್ ನೋಡಿ. ಕ್ರ್ಯಾಶ್ ನಿಂತರೆ ಅಪರಾಧಿ ಸಿಕ್ಕಂತೆ, ಒಂದು ರೂಪಾಯಿ ಖರ್ಚಿಲ್ಲದೆ. ಆಮೇಲೆ ಬೋರ್ಡ್ ತಯಾರಕರ ತಾಣದಿಂದ ನಿಮ್ಮ ಮಾದರಿಯದೇ ಹೊಸ ಬಯಾಸ್ ಇಳಿಸಿಕೊಂಡು, ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡಿ. ಮಾದರಿಯ ಹೆಸರಿನ ಜೊತೆ ರಿವಿಷನ್ ಸಂಖ್ಯೆಯೂ ತಾಳೆಯಾಗಬೇಕು. ಕರೆಂಟ್ ಹೋಗುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಅಪ್‌ಡೇಟ್ ಆದ ಮೇಲಿನ ಮೊದಲ ಸ್ಟಾರ್ಟ್‌ನಲ್ಲಿ ಪರದೆ ಹಲವು ನಿಮಿಷ ಕಪ್ಪಾಗಿಯೇ ಇದ್ದು ಬೋರ್ಡಿನಲ್ಲಿ ರ‍್ಯಾಮ್ ಸೂಚಿಸುವ ಡಿರ‍್ಯಾಮ್ ದೀಪ ಉರಿಯುತ್ತಿರಬಹುದು. ಅದು ಟ್ರೈನಿಂಗ್, ಕೆಟ್ಟಿದ್ದಲ್ಲ. ಕೆಟ್ಟಿತೆಂದು ಗಾಬರಿಬಿದ್ದು ಸ್ವಿಚ್ ಆಫ್ ಮಾಡಿದರೆ ಟ್ರೈನಿಂಗ್ ಮತ್ತೆ ಮೊದಲಿನಿಂದ. ಹದಿನೈದು ನಿಮಿಷವಾದರೂ ಬಿಡಿ.

ಈಗ ಎಕ್ಸ್‌ಪೋ ಮತ್ತೆ ಆನ್ ಮಾಡಿ, ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಡಿಸೇಬಲ್ ಮಾಡಿ. ಸ್ಟಾರ್ಟ್ ಆಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಪ್ರತಿ ಸಲ ಹೊಸದಾಗಿ ಹೊಂದಿಸಿಕೊಳ್ಳುತ್ತದೆ. ಆ ತಡ ಸಹಿಸಲಾಗದಿದ್ದರೆ ರಿಸ್ಟೋರ್ ಜೊತೆಗೆ ‘ಪವರ್ ಡೌನ್ ಎನೇಬಲ್’ ಅನ್ನೂ ಆನ್ ಇಡಿ. ಮೊದಲನೆಯದು ಆನ್, ಎರಡನೆಯದು ಆಫ್ ಇದ್ದಾಗ ನೀಲಿ ಪರದೆ ಬೀಳುವುದು ಈ ಬೋರ್ಡ್‌ಗಳಲ್ಲಿ ಗೊತ್ತಿರುವ ಕಾಯಿಲೆ. ಇಷ್ಟಕ್ಕೂ ಬಗ್ಗದಿದ್ದರೆ ವೇಗವನ್ನು 5600ಕ್ಕೆ ಇಳಿಸಿ. ಗೇಮ್‌ನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ನಮ್ಮ ಮಟ್ಟಿಗೆ 5600ದಲ್ಲಿ ನೆಮ್ಮದಿಯಾಗಿ ಓಡುವ ಯಂತ್ರವೇ ಮೇಲು.

4800ರಲ್ಲೂ ಕ್ರ್ಯಾಶ್ ಆಗುತ್ತಿದೆಯೇ? ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶದ ಪೆನ್‌ಡ್ರೈವ್ ಮಾಡಿಕೊಂಡು ಕನಿಷ್ಠ ನಾಲ್ಕು ಸುತ್ತು ಓಡಿಸಿ. ನಿಮ್ಮದು ತಣ್ಣಗಿದ್ದಾಗಿನ ತೊಂದರೆ, ಹಾಗಾಗಿ ಪರೀಕ್ಷೆಯನ್ನೂ ಬೆಳಿಗ್ಗೆ ಎದ್ದಕೂಡಲೇ ಶುರು ಮಾಡಿ. ಒಂದೇ ಒಂದು ಎರರ್ ಬಂದರೂ ಅದು ಫೇಲ್. ಬಂದರೆ ಒಂದೇ ಕಡ್ಡಿಯನ್ನು ಎ2 ಸ್ಲಾಟ್‌ಗೆ, ಅಂದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೆ, ಹಾಕಿ ಪರೀಕ್ಷಿಸಿ. ನಂತರ ಇನ್ನೊಂದನ್ನು ಅದೇ ಸ್ಲಾಟ್‌ಗೆ. ಒಂದು ಕಡ್ಡಿ ಮಾತ್ರ ಫೇಲ್ ಆದರೆ ವಾರಂಟಿಗೆ ಕೊಡಿ. ಜೋಡಿಯಾಗಿ ಕೊಂಡಿದ್ದನ್ನು ಜೋಡಿಯಾಗಿಯೇ ಬದಲಿಸಿಕೊಳ್ಳಿ. ಎರಡೂ ಎ2ದಲ್ಲಿ ಪಾಸ್, ಬಿ2ದಲ್ಲಿ (ನಾಲ್ಕನೆಯ ಸ್ಲಾಟ್) ಫೇಲ್ ಆದರೆ ಕೂಲರ್ ಬಿಚ್ಚಿ ಸಾಕೆಟ್‌ನ ಪಿನ್‌ಗಳನ್ನು ಟಾರ್ಚ್ ಹಾಕಿ ನೋಡಿ. ಕೂಲರ್‌ನ ಒಂದು ಮೂಲೆ ಹೆಚ್ಚು ಬಿಗಿಯಾದರೂ ಒಂದು ಚಾನೆಲ್ ಕೈಕೊಡುವುದುಂಟು. ಸ್ಕ್ರೂಗಳನ್ನು ಎದುರುಬದುರಾಗಿ, ಎರಡೆರಡು ಸುತ್ತಿನಂತೆ ಬಿಗಿಮಾಡಿ. ಬೋರ್ಡ್ ಬದಲಿಸುವ ಚರ್ಚೆ ಇಲ್ಲಿಂದ ಮುಂದೆ.

ರ‍್ಯಾಮ್ ಸರಿಹೋದ ಮೇಲೆ ವಿಂಡೋಸನ್ನು ಇನ್ನೊಮ್ಮೆ ಹಾಕಬೇಕಾಗಬಹುದು. ತಪ್ಪು ಮಾಡುವ ರ‍್ಯಾಮ್ ಮೂಲಕ ಡಿಸ್ಕಿಗೆ ಬರೆದ ಫೈಲ್‌ಗಳನ್ನು ನಂಬಲಾಗದು.

ಪ್ರಶ್ನೆ: ಪವರ್ ಬಟನ್ ಒತ್ತಿದರೆ ಫ್ಯಾನ್ ಎರಡು ಮೂರು ಸೆಕೆಂಡ್ ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಪರದೆಯಲ್ಲಿ ಏನೂ ಇಲ್ಲ. ವಿಂಡೋಸ್ ಮತ್ತೆ ಹಾಕಿದರೆ ಸರಿಹೋದೀತೇ? — ಶಿವಮೊಗ್ಗದ ಓದುಗರು

ಉತ್ತರ: ಇಲ್ಲಿ ವಿಂಡೋಸ್‌ನ ಸರದಿಯೇ ಬಂದಿಲ್ಲ. ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿದ್ದರೆ ಯಾವುದು ಉರಿದು ನಿಲ್ಲುತ್ತದೆಂದು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೊಸದಾಗಿ ಜೋಡಿಸುವವರು ಹೆಚ್ಚಾಗಿ ಮರೆಯುವುದು ಬೋರ್ಡಿನ ಮೇಲ್ಭಾಗದ 8 ಪಿನ್ನಿನ ಸಿಪಿಯು ಕೇಬಲ್. 24 ಪಿನ್ನಿನದನ್ನು ಮಾತ್ರ ಹಾಕಿದರೂ ಫ್ಯಾನ್ ತಿರುಗುತ್ತದೆ, ಅದರಿಂದಲೇ ಮೋಸ ಹೋಗುವುದು. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲ್ ನೋಡಲು ಹಾಗೇ ಇದ್ದರೂ ವೈರಿಂಗ್ ಬೇರೆ. ಸಿಪಿಯು ಎಂದು ಬರೆದಿರುವುದನ್ನೇ ಹಾಕಿ. ಮಾಡ್ಯುಲರ್ ಎಸ್‌ಎಂಪಿಎಸ್ ಆಗಿದ್ದರೆ ಹಳೆಯ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಎಂದಿಗೂ ಬಳಸಬೇಡಿ. ತುದಿ ಹೊಂದಿದರೂ ಪಿನ್‌ಗಳ ಕ್ರಮ ಬೇರೆಯಿರುತ್ತದೆ, ಎಸ್‌ಎಸ್‌ಡಿ ಸುಟ್ಟೇ ಹೋಗಬಹುದು.

ಆಮೇಲೆ ಕ್ಯಾಬಿನೆಟ್‌ನ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳು. ದೊಡ್ಡ ಬೋರ್ಡಿಗೆಂದು ಹಾಕಿರುವ ಒಂದು ಹೆಚ್ಚುವರಿ ಕಾಲು ಸಣ್ಣ ಬೋರ್ಡಿನ ಹಿಂಬದಿಗೆ ತಾಗಿದರೆ ಅಲ್ಲೇ ಶಾರ್ಟ್. ಬೋರ್ಡಿನಲ್ಲಿ ತೂತು ಇಲ್ಲದ ಕಡೆ ಕಾಲು ಇರಬಾರದು. ಮುಂಭಾಗದ ರೀಸೆಟ್ ಬಟನ್ ಒಳಗೆ ಸಿಕ್ಕಿಕೊಂಡಿದ್ದರೂ ಸ್ಟಾರ್ಟ್ ಆಗಲು ಬಿಡುವುದಿಲ್ಲ, ಅದರ ವೈರ್ ಕಿತ್ತು ನೋಡಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ಎಂಬುದನ್ನೂ ಕೇಳಲೇಬೇಕು, ಸಿಟ್ಟಾಗಬೇಡಿ.

ಇದೆಲ್ಲ ಸರಿಯಿದ್ದೂ ಏಳದಿದ್ದರೆ ಬೋರ್ಡನ್ನು ಹೊರತೆಗೆದು ಅದು ಬಂದ ರಟ್ಟಿನ ಡಬ್ಬದ ಮೇಲಿಡಿ. ಬೆಳ್ಳಿಬಣ್ಣದ ಆಂಟಿಸ್ಟ್ಯಾಟಿಕ್ ಕವರ್ ಮೇಲೆ ಬೇಡ, ಅದರಲ್ಲಿ ವಿದ್ಯುತ್ ಹರಿಯಬಹುದು. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಕಡ್ಡಿ, ಎರಡು ಪವರ್ ಕೇಬಲ್, ಇಷ್ಟೇ ಇರಲಿ. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದ್ದರೆ ಮಾನಿಟರ್ ಕೇಬಲನ್ನು ಬೋರ್ಡಿಗೇ ಹಾಕಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇಕೇ ಬೇಕು. ಪವರ್ ಸ್ವಿಚ್ ಎಂದು ಗುರುತಿಸಿದ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಹೊರಗೆ ಎದ್ದರೆ ದೋಷ ಕ್ಯಾಬಿನೆಟ್‌ನಲ್ಲಿ, ಅಥವಾ ನೀವು ಬಿಟ್ಟಿರುವ ಭಾಗಗಳಲ್ಲಿ. ಒಂದೊಂದಾಗಿ ಸೇರಿಸುತ್ತಾ ಬನ್ನಿ.

ಪ್ರಶ್ನೆ: ಮನೆಯ ಬೋರ್‌ವೆಲ್ ಮೋಟರ್ ಆನ್ ಆದ ಹೊತ್ತಿಗೆ ಕಂಪ್ಯೂಟರ್ ಶುರುಮಾಡಿದರೆ ಅರ್ಧದಲ್ಲೇ ಪಟ್ಟನೆ ಆರಿ ರೀಸ್ಟಾರ್ಟ್ ಆಗುತ್ತದೆ. 600 ವಿಎ ಯುಪಿಎಸ್ ಇದೆ. ವಿಂಡೋಸ್‌ನ ಘಟನೆಗಳ ದಾಖಲೆಯಾದ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂದು ಕೆಂಪಕ್ಷರ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. — ಕೋಲಾರದ ಓದುಗರು

ಉತ್ತರ: ‘41’ ರೋಗದ ಹೆಸರಲ್ಲ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ. ಅದರ ಡಿಟೇಲ್ಸ್ ಪುಟದಲ್ಲಿ ಬಗ್‌ಚೆಕ್‌ಕೋಡ್ 0 ಎಂದಿದ್ದರೆ ನೀಲಿ ಪರದೆ ದಾಖಲಾಗಿಲ್ಲ, ಒಂದೋ ವಿದ್ಯುತ್ ಕಡಿತವಾಗಿದೆ, ಇಲ್ಲವೇ ಯಂತ್ರ ಪೂರ್ತಿ ಸ್ತಬ್ಧವಾಗಿದೆ. ನಿಮ್ಮ ವಿವರಕ್ಕೆ ಮೊದಲನೆಯದೇ ಹೊಂದುತ್ತದೆ.

ಮೋಟರ್ ಆನ್ ಆದಾಗ ವೋಲ್ಟೇಜ್ ಕುಸಿಯುತ್ತದೆ, ಯುಪಿಎಸ್ ಬ್ಯಾಟರಿಗೆ ಹೊರಳುತ್ತದೆ. ಅಗ್ಗದ ಯುಪಿಎಸ್ ಬ್ಯಾಟರಿಯಿಂದ ಕೊಡುವುದು ನಯವಾದ ಸೈನ್ ವೇವ್ ಅಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ. ಆಕ್ಟಿವ್ ಪಿಎಫ್‌ಸಿ (ವಿದ್ಯುತ್ತನ್ನು ದಕ್ಷವಾಗಿ ಎಳೆದುಕೊಳ್ಳುವ ಸರ್ಕ್ಯೂಟ್) ಇರುವ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಇದನ್ನು ಒಪ್ಪದೆ ಆರಿಬಿಡುತ್ತವೆ. ಸಾಲದ್ದಕ್ಕೆ 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಸೇರಿದರೆ ಮುಗಿಯಿತು. ಒಂದು ವಾರ ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ, ಮೋಟರ್ ಹೊತ್ತಿನಲ್ಲೇ ಪರೀಕ್ಷಿಸಿ. ಕ್ರ್ಯಾಶ್ ನಿಂತರೆ ಹೊಸ ಎಸ್‌ಎಂಪಿಎಸ್ ಬೇಡ, ಪ್ಯೂರ್ ಸೈನ್ ವೇವ್ ಕೊಡುವ, ವ್ಯಾಟ್ ನೋಡಿ ಆರಿಸಿದ ಯುಪಿಎಸ್ ಬೇಕು.

ಜುಮ್ ಎನ್ನುವುದು ಬೇರೆ ವಿಷಯ. ಅದು ಅರ್ಥಿಂಗ್ ಇಲ್ಲದ ಲಕ್ಷಣ. ಕ್ರ್ಯಾಶ್‌ಗೆ ಅದೇ ಕಾರಣವಾಗಿರಬೇಕೆಂದಿಲ್ಲ, ಆದರೂ ಮೊದಲು ಸರಿಪಡಿಸಬೇಕಾದ್ದು ಅದನ್ನೇ. ಎಲೆಕ್ಟ್ರಿಷಿಯನ್ ಕೈಲಿ ಅಳತೆ ಮಾಡಿಸಿ: ಫೇಸ್–ನ್ಯೂಟ್ರಲ್ 230ರ ಆಸುಪಾಸು, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟ್ ಒಳಗೆ ಇರಬೇಕು.

ಪ್ರಶ್ನೆ: ರೀಸ್ಟಾರ್ಟ್ ಕೊಟ್ಟರೆ ಯಾವತ್ತೂ ತೊಂದರೆಯಿಲ್ಲ. ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ ಮಾತ್ರ ಕ್ರ್ಯಾಶ್, ಪ್ರತಿ ಸಲವೂ ಒಂದೇ ಸಂದೇಶ. — ಪುತ್ತೂರಿನ ಓದುಗರು

ಉತ್ತರ: ದಾವಣಗೆರೆಯವರ ತೊಂದರೆಯಂತೆ ಕಂಡರೂ ಸಂದೇಶ ಬದಲಾಗದಿರುವುದರಿಂದ ದಾರಿ ಬೇರೆ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್‌ಗಳ ಕೆಲಸ ಆರಿಸುವ ಕೊಂಡಿ ಒತ್ತಿ, ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆಯಿರಿ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಇದರಿಂದ ಆಗುವ ನಷ್ಟ ಕೆಲವೇ ಸೆಕೆಂಡ್. ನಂತರ ಚಿಪ್‌ಸೆಟ್, ಗ್ರಾಫಿಕ್ಸ್ ಡ್ರೈವರ್‌ಗಳನ್ನು ತಯಾರಕರ ತಾಣದಿಂದಲೇ ಹಾಕಿ.

ಪ್ರಶ್ನೆ: ಬಯಾಸ್ ಬ್ಯಾಟರಿ ತೆಗೆದು ಹಾಕಿದ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎನ್ನುತ್ತಿದೆ. ಎಸ್‌ಎಸ್‌ಡಿ ಹೋಯಿತೇ? — ಮೈಸೂರಿನ ಓದುಗರು

ಉತ್ತರ: ಹೋಗಿರಲಿಕ್ಕಿಲ್ಲ. ಬ್ಯಾಟರಿ ತೆಗೆದಾಗ ಬಯಾಸ್ ಸೆಟ್ಟಿಂಗ್‌ಗಳೆಲ್ಲ ಮೂಲಸ್ಥಿತಿಗೆ ಮರಳುತ್ತವೆ. ಇಂಟೆಲ್ ಬೋರ್ಡ್ ಆದರೆ ವಿಎಂಡಿ (ಎಸ್‌ಎಸ್‌ಡಿಗಳನ್ನು ನಿಭಾಯಿಸುವ ಇಂಟೆಲ್ ವ್ಯವಸ್ಥೆ) ಸೆಟ್ಟಿಂಗ್ ನೋಡಿ. ವಿಂಡೋಸ್ ಹಾಕುವಾಗ ಅದು ಹೇಗಿತ್ತೋ ಹಾಗೇ ಇರಬೇಕು. ಆನ್ ಇದ್ದದ್ದು ಆಫ್ ಆದರೂ, ಆಫ್ ಇದ್ದದ್ದು ಆನ್ ಆದರೂ ಇದೇ ಸಂದೇಶ ಬರುತ್ತದೆ. ಬದಲಿಸಿ, ಸೇವ್ ಮಾಡಿ ನೋಡಿ.

ಪ್ರಶ್ನೆ: ಇಂಟೆಲ್ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್ ಕ್ರ್ಯಾಶ್ ಆಗುತ್ತವೆಂದು ಕೇಳಿದ್ದೇನೆ. ಸೆಕೆಂಡ್ ಹ್ಯಾಂಡ್ ಕೋರ್ ಐ7 ಕೊಳ್ಳಬಹುದೇ? — ಬೆಂಗಳೂರಿನ ಓದುಗರು

ಉತ್ತರ: ಕೇಳಿದ್ದು ನಿಜ. ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಪಡೆದು ಕ್ರಮೇಣ ಸವೆಯುವ ದೋಷವನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಹೊಸ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ನಿಯಂತ್ರಣ ಸಂಕೇತ) ಕೊಟ್ಟಿತು, 2025ರ ಮೇ ತಿಂಗಳಲ್ಲಿ ಇನ್ನೊಂದನ್ನು ಕೊಟ್ಟಿತು. ಇವು ಬಯಾಸ್ ಅಪ್‌ಡೇಟ್ ಮೂಲಕ ಬರುತ್ತವೆ. ಆದರೆ ಮೈಕ್ರೋಕೋಡ್ ಮುಂದಿನ ಸವೆತ ತಡೆಯುತ್ತದೆಯೇ ಹೊರತು ಆಗಲೇ ಸವೆದದ್ದನ್ನು ರಿಪೇರಿ ಮಾಡುವುದಿಲ್ಲ. ಹಿಂದಿನ ಮಾಲೀಕರು ಹಳೆಯ ಬಯಾಸ್‌ನಲ್ಲೇ ಓಡಿಸಿದ್ದರೆ ಅದು ಹೊರಗಿನಿಂದ ಕಾಣುವುದೂ ಇಲ್ಲ. ದೊಡ್ಡ ಗೇಮ್ ತೆರೆಯುವಾಗ, ಕಾರ್ಡಿನಲ್ಲಿ ಸಾಕಷ್ಟು ಮೆಮೊರಿ ಇದ್ದರೂ, ‘ಔಟ್ ಆಫ್ ವಿಡಿಯೋ ಮೆಮೊರಿ’ ಎಂದು ಬಂದರೆ ಅನುಮಾನಿಸಿ.

ತೊಂದರೆಯಿರುವ ಮಾದರಿಗಳ ಬಾಕ್ಸ್ ಪ್ರೊಸೆಸರ್‌ಗಳಿಗೆ ಇಂಟೆಲ್ ವಾರಂಟಿಯನ್ನು 2 ವರ್ಷ ಹೆಚ್ಚಿಸಿ 5 ವರ್ಷ ಮಾಡಿದೆ. ಡಬ್ಬವಿಲ್ಲದ ಟ್ರೇ ಪ್ರೊಸೆಸರ್‌ಗೆ ಮಾರಿದವರನ್ನೇ ಹಿಡಿಯಬೇಕು. ಎಸ್‌ಪಿ ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವ ಮೊದಲು ಮೂಲ ಬಿಲ್, ಡಬ್ಬ, ಅದರ ಮೇಲಿನ ಸೀರಿಯಲ್ ಸಂಖ್ಯೆ ಮೂರನ್ನೂ ಕೇಳಿ, ಆ ಸಂಖ್ಯೆಯನ್ನು ಇಂಟೆಲ್ ತಾಣದ ವಾರಂಟಿ ಪುಟದಲ್ಲಿ ತಾಳೆ ನೋಡಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಕೊಳ್ಳಬೇಡಿ.