ಸುಖವಿಲ್ಲದಿದ್ದರೂ ಬಯಕೆ ಏಕೆ?

ಪ್ರಶ್ನೆ: ನನ್ನ ಅಣ್ಣ ಕುಡಿತ ಬಿಟ್ಟು ಎರಡು ವರ್ಷವಾಯಿತು. ಕೊನೆಕೊನೆಗೆ ಕುಡಿದರೂ ಯಾವ ಸುಖವೂ ಸಿಗುತ್ತಿರಲಿಲ್ಲವೆಂದು ಅವನೇ ಹೇಳುತ್ತಾನೆ. ಆದರೂ ಹಳೆಯ ಬಾರಿನ ಮುಂದೆ ಹಾದುಹೋಗುವಾಗ ಮನಸ್ಸು ಎಳೆಯುತ್ತದಂತೆ. ಇದು ಮನೋಬಲದ ಕೊರತೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹಾಗೆ ಭಾವಿಸಬೇಕಾಗಿಲ್ಲ. ನಿಮ್ಮ ಅಣ್ಣನವರು ಹೇಳುವ ಎರಡು ಮಾತೂ ನಿಜವಾಗಿರಲು ಸಾಧ್ಯ, ಏಕೆಂದರೆ ಮಿದುಳಿನಲ್ಲಿ ಸುಖಪಡುವ ವ್ಯವಸ್ಥೆಯೂ ಬಯಸುವ ವ್ಯವಸ್ಥೆಯೂ ಒಂದೇ ಅಲ್ಲ.

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್, ಮಿದುಳಿನ ಕೆಲವು ಭಾಗಗಳಿಗೆ ಕಿರು ವಿದ್ಯುತ್ ಪ್ರಚೋದನೆ ಸಿಗುವುದಾದರೆ ಇಲಿಗಳು ಅದಕ್ಕಾಗಿ ಸನ್ನೆಕೋಲನ್ನು ಮತ್ತೆ ಮತ್ತೆ ಒತ್ತುತ್ತವೆಂದು ತೋರಿಸಿದರು. ಮುಂದಿನ ಸಂಶೋಧನೆಗಳು, ನಡುಮಿದುಳಿನಿಂದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗಕ್ಕೆ ಚಾಚಿಕೊಂಡು ಅಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುವ ನರಕೋಶಗಳತ್ತ ಬೊಟ್ಟುಮಾಡಿದವು. ಡೋಪಮೈನನ್ನು ಸುಖದ ರಾಸಾಯನಿಕವೆಂದು ಕರೆಯುವ ರೂಢಿ ಇನ್ನೂ ಹೋಗಿಲ್ಲ. ಆದರೆ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ, ಡೋಪಮೈನ್ ಬಹುಪಾಲು ನಾಶವಾಗಿದ್ದ ಇಲಿಗಳು ಬಾಯಿಗೆ ಬಿಟ್ಟ ಸಕ್ಕರೆನೀರನ್ನು ಎಂದಿನಂತೆಯೇ ಚಪ್ಪರಿಸಿದವು. ಎದುರಿಗಿದ್ದ ಆಹಾರವನ್ನು ಮಾತ್ರ ತಾವಾಗಿ ತಿನ್ನಲಿಲ್ಲ. ಅಂದರೆ ರುಚಿ ಉಳಿದಿತ್ತು, ಬಯಕೆ ಹೋಗಿತ್ತು. ವ್ಯಸನದಲ್ಲಿ ಆಗುವುದು ಇದರ ತಿರುವುಮುರುವು.

ಬಾರಿನ ವಿಷಯಕ್ಕೆ ಬರೋಣ. ವುಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಡುವ ಮುನ್ನ ಪ್ರತಿಸಲವೂ ಒಂದು ಸೂಚನೆ ನೀಡುತ್ತಿದ್ದರು. ಕೋತಿಗಳು ಅದನ್ನು ಕಲಿತ ಮೇಲೆ ಡೋಪಮೈನ್ ಕೋಶಗಳು ರಸಕ್ಕಲ್ಲ, ಸೂಚನೆಗೇ ಸ್ಪಂದಿಸತೊಡಗಿದವು. ನಿಮ್ಮ ಅಣ್ಣನವರ ಪಾಲಿಗೆ ಆ ಬಾರಿನ ಬೋರ್ಡು, ಅಲ್ಲಿಯ ವಾಸನೆ, ಸಂಜೆಯ ಆ ಹೊತ್ತು, ಎಲ್ಲವೂ ಇಂಥ ಸೂಚನೆಗಳೇ. ಮದ್ಯ ದೇಹದಿಂದ ಹೋಗಿ ಎಷ್ಟೋ ಕಾಲವಾದರೂ ಈ ಕಲಿಕೆ ಸುಲಭವಾಗಿ ಅಳಿಯುವುದಿಲ್ಲ. ವಿಯೆಟ್ನಾಂನಲ್ಲಿ ಹೆರಾಯಿನ್‌ಗೆ ಅಂಟಿಕೊಂಡಿದ್ದ ಅಮೆರಿಕದ ಸೈನಿಕರಲ್ಲಿ ಹೆಚ್ಚಿನವರು ಊರಿಗೆ ಮರಳಿದ ಮೇಲೆ ಮತ್ತೆ ವ್ಯಸನಕ್ಕೆ ಬೀಳಲಿಲ್ಲವೆಂದು 1970ರ ದಶಕದಲ್ಲಿ ಲೀ ರಾಬಿನ್ಸ್ ಎಂಬ ಸಂಶೋಧಕಿ ಕಂಡುಕೊಂಡರು. ಸುತ್ತಲಿನ ಪರಿಸರ ಬದಲಾದದ್ದು ಇದಕ್ಕೆ ಒಂದು ಕಾರಣವೆಂದು ಹಲವರು ಹೇಳುತ್ತಾರೆ.

ಆದ್ದರಿಂದ ದಾರಿ ಬದಲಿಸಿ ನಡೆಯುವುದು ಹೇಡಿತನವಲ್ಲ. ದೇವರ ಮುಂದೆ ಆಣೆ ಮಾಡಿಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಅದರಿಂದ ಧೈರ್ಯ ಬರುವವರೂ ಇದ್ದಾರೆ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಎಳೆತ ಹೆಚ್ಚಿದರೆ ಮನೋವೈದ್ಯರನ್ನು ಕಾಣಲಿ. ನಾಲ್ಟ್ರೆಕ್ಸೋನ್‌ನಂಥ ಔಷಧ ಕೆಲವರಿಗೆ ನೆರವಾಗುತ್ತದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಮನೆಯವರು ಮಾತ್ರ, ಗಟ್ಟಿಯಾಗಿದ್ದಾನೋ ನೋಡೋಣವೆಂದು ಮದುವೆ ಪಾರ್ಟಿಗಳಲ್ಲಿ ಅವರ ಮುಂದೆ ಗ್ಲಾಸು ಇಡಬಾರದು.