ಗಾಯವೂ ಅಲ್ಲ, ಜಗಳವೂ ಅಲ್ಲ, 25 ವರ್ಷಕ್ಕೇ ಸಾಕು ಅಂದವನು

ಚೆನ್ನಾಗಿ ಆಡುತ್ತಿದ್ದವರು ಯಾರಾದರೂ ತಾವಾಗೇ ಕ್ರಿಕೆಟ್ ಬಿಟ್ಟಿದ್ದುಂಟಾ ಅಂತ ಕೇಳಿದ್ದೀರಿ. ಉಂಟು. ನನಗೆ ತಕ್ಷಣ ನೆನಪಾಗೋದು ಇಂಗ್ಲೆಂಡಿನ ಸರ್ರೆ ಕೌಂಟಿಗೆ (ಕೌಂಟಿ ಅಂದರೆ ನಮ್ಮ ರಣಜಿ ತಂಡದ ಹಾಗೆ) ಆಡುತ್ತಿದ್ದ ಜಫರ್ ಅನ್ಸಾರಿ.

ನೀವೂ ಅವನನ್ನು ನೋಡಿರಬಹುದು. 2016ರ ನವೆಂಬರ್, ರಾಜ್‌ಕೋಟ್ ಟೆಸ್ಟ್. ರೂಟ್, ಮೊಯಿನ್, ಸ್ಟೋಕ್ಸ್ ಮೂವರೂ ಸೆಂಚುರಿ ಹೊಡೆದು ಇಂಗ್ಲೆಂಡ್ 537 ಪೇರಿಸಿತ್ತು. ಆಮೇಲೆ ನಮ್ಮ ಬ್ಯಾಟಿಂಗ್. ಎಡಗೈ ಸ್ಪಿನ್ ಹಾಕುವ ಹೊಸ ಹುಡುಗನೊಬ್ಬ ಬಂದು ರಹಾನೆಯನ್ನು 13ಕ್ಕೆ ಬೌಲ್ಡ್ ಮಾಡಿದ. ಯಾರಪ್ಪಾ ಇವನು ಅಂತ ಬೈದುಕೊಂಡೇ ಫೋನಿನಲ್ಲಿ ಹುಡುಕಿದೆ. ನೋಡಿದರೆ ಆಟದ ಕಥೆಗಿಂತ ಓದಿನ ಕಥೆಯೇ ಜಾಸ್ತಿ! ಅಪ್ಪ ಪಾಕಿಸ್ತಾನ ಮೂಲದ ಇತಿಹಾಸ ಪ್ರೊಫೆಸರ್. ಮಗ ಕೇಂಬ್ರಿಡ್ಜಿನಲ್ಲಿ ರಾಜಕೀಯ, ಸಮಾಜಶಾಸ್ತ್ರ ಓದಿ ಫಸ್ಟ್ ಕ್ಲಾಸಲ್ಲಿ ಪಾಸಾದವನು. ಅದೂ ಸಾಲದು ಅಂತ ಸರ್ರೆಗೆ ಆಡುತ್ತಲೇ ಇತಿಹಾಸದಲ್ಲಿ ಎಂ.ಎ. ಮಾಡಿದ. 1960ರ ದಶಕದಲ್ಲಿ ಅಮೆರಿಕದ ದಕ್ಷಿಣದಲ್ಲಿ ತಮ್ಮ ರಕ್ಷಣೆಗೆ ಬಂದೂಕು ಹಿಡಿದಿದ್ದ ಕಪ್ಪು ಜನರ ಒಂದು ಸಂಘಟನೆಯ ಮೇಲೆ ಪ್ರಬಂಧ ಬರೆದ. ಪಿಯಾನೋ ಬೇರೆ ನುಡಿಸುತ್ತಾನೆ.

ಹಾಗಂತ ಆಟ ಸುಮ್ನೆ ಹವ್ಯಾಸ ಆಗಿರಲಿಲ್ಲ. 2011ರಲ್ಲಿ, ಇನ್ನೂ 19 ವರ್ಷ, ಕೇಂಬ್ರಿಡ್ಜ್ ತಂಡಕ್ಕೆ ಆಡುತ್ತಾ ತನ್ನದೇ ಸರ್ರೆ ವಿರುದ್ಧ ಇಂಗ್ಲೆಂಡಿನ ದೊಡ್ಡ ಬ್ಯಾಟ್ಸ್‌ಮನ್ ಕೆವಿನ್ ಪೀಟರ್ಸನ್ ವಿಕೆಟ್ ತೆಗೆದ. (ಎಡಗೈ ಸ್ಪಿನ್ ಅಂದರೆ ಪೀಟರ್ಸನ್‌ಗೆ ಆಗುತ್ತಿರಲಿಲ್ಲ, ನಮ್ಮ ಯುವರಾಜ್ ಕಾಟ ನೆನಪಿದೆ ಅಲ್ವಾ?) ಮುಂದೆ ಫಸ್ಟ್ ಕ್ಲಾಸ್ ಕ್ರಿಕೆಟ್‌ನಲ್ಲಿ (ಕೌಂಟಿ, ರಣಜಿಯಂಥ ಹಲವು ದಿನದ ಪಂದ್ಯಗಳು) ಮೂರು ಸಾವಿರ ರನ್, ನೂರಕ್ಕೂ ಜಾಸ್ತಿ ವಿಕೆಟ್.

ಅದೃಷ್ಟ ಮಾತ್ರ ಸ್ವಲ್ಪ ಕೈಕೊಟ್ಟಿತು. 2015ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಇಂಗ್ಲೆಂಡ್ ಟೆಸ್ಟ್ ತಂಡಕ್ಕೆ ಆಯ್ಕೆಯಾದ. ಅದೇ ದಿನ ಮ್ಯಾಂಚೆಸ್ಟರಿನಲ್ಲಿ ಲ್ಯಾಂಕಾಶೈರ್ ವಿರುದ್ಧ ಫೀಲ್ಡಿಂಗ್ ಮಾಡುವಾಗ ಹೆಬ್ಬೆರಳಿನ ಕೀಲು ತಪ್ಪಿತು, ತಂಡದ ಜೊತೆ ಪ್ರವಾಸಕ್ಕೆ ಹೋಗುವ ಅವಕಾಶವೂ ತಪ್ಪಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದೇ. ಒಂದು ವರ್ಷ ಕಾದು ಢಾಕಾದಲ್ಲಿ ಮೊದಲ ಟೆಸ್ಟ್, ಆಮೇಲೆ ರಾಜ್‌ಕೋಟ್, ವಿಶಾಖಪಟ್ಟಣ. ಮೂರೇ ಟೆಸ್ಟ್, ಐದು ವಿಕೆಟ್. ಬೆನ್ನುನೋವು ಅಂತ ಮನೆಗೆ ಹೋದವನು 2017ರ ಏಪ್ರಿಲ್‌ನಲ್ಲಿ, ಕೌಂಟಿ ಸೀಸನ್ ಆಗಷ್ಟೇ ಶುರುವಾಗಿದ್ದಾಗ, ನಿವೃತ್ತಿ ಅಂದುಬಿಟ್ಟ. ಬೆನ್ನು ಕಾರಣ ಅಲ್ಲ. ಕ್ರಿಕೆಟ್ ನನ್ನ ಬದುಕಿನ ಒಂದು ಭಾಗ ಅಷ್ಟೇ, ಬೇರೆ ಕೆಲಸ ನೋಡಬೇಕು, ಕಾನೂನು ಓದಬಹುದು, ಇಷ್ಟೇ ಅವನು ಹೇಳಿದ್ದು.

ಟೆಸ್ಟಿನಲ್ಲಿ ನಿಲ್ಲಲಾಗದೆ ಓಡಿಹೋದ ಅಂತ ನನ್ನ ಗೆಳೆಯ ಈಗಲೂ ವಾದ ಮಾಡುತ್ತಾನೆ. ನನಗೆ ಹಾಗನ್ನಿಸುವುದಿಲ್ಲ. ಟೆಸ್ಟ್ ಸಿಗದಿದ್ದರೂ ಸರ್ರೆಯಲ್ಲಿ ಇನ್ನೂ ಹತ್ತು ವರ್ಷ ಆರಾಮಾಗಿ ಸಂಬಳ ಎಣಿಸಬಹುದಿತ್ತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಊರೂರು ತಿರುಗಿ, ನಾಲ್ಕು ದಿನದ ಮ್ಯಾಚ್ ಆಡಿ, ಮಳೆ ಬಂದರೆ ಕಿಟಕಿಯಲ್ಲಿ ಪಿಚ್ ಮೇಲೆ ಹೊದಿಸಿದ ಕವರ್ ನೋಡುತ್ತಾ ಕೂರುವ ಕೆಲಸ ಅದು. ಇಷ್ಟವಿದ್ದವರಿಗೆ ಸ್ವರ್ಗ. ನಮ್ಮ ಕುಂಬ್ಳೆ, ಶ್ರೀನಾಥ್ ಎಂಜಿನಿಯರಿಂಗ್ ಓದಿಯೂ ಚೆಂಡು ಹಿಡಿದರು, ಇವನು ಚೆಂಡು ಕೆಳಗಿಟ್ಟು ಪುಸ್ತಕ ಹಿಡಿದ.

ರಹಾನೆ ಔಟಾದ ಆ ಬಾಲ್‌ನ ವಿಡಿಯೋ ಸಿಕ್ಕರೆ ಒಮ್ಮೆ ನೋಡಿ.